ಹೂಮಳೆಯೂ ರಾಮನವಮಿಯೂ

ಹಾಸನವನ್ನು ಬಿಟ್ಟು ಮಂಗಳೂರಿನ ಹೆದ್ದಾರಿಯಲ್ಲಿ ಪಡುವಣಕ್ಕೆ ಹೊರಟವರಿಗೆ ಬಯಲುಸೀಮೆ ಎಲ್ಲಿ ಮುಗಿಯಿತು, ಮಲೆನಾಡು ಎಲ್ಲಿ ಮೊದಲಾಯಿತು ಎಂಬುದನ್ನು ಬೆರಳಿಟ್ಟು ತೋರಿಸುವುದು ಕಷ್ಟ. ಆಲೂಗೆಡ್ಡೆಯ ಹೊಲಗಳು ಒಂದೊಂದಾಗಿ ಹಿಂದಕ್ಕೆ ಸರಿಯುತ್ತವೆ. ತಗ್ಗಿನಲ್ಲಿ ಗದ್ದೆ, ದಿಬ್ಬದ ಮೇಲೆ ಮರ, ಮರದ ನೆರಳಿನಲ್ಲಿ ಕಾಫಿಯ ಗಿಡ, ಮರವನ್ನು ತಬ್ಬಿಕೊಂಡ ಮೆಣಸಿನ ಬಳ್ಳಿ ಕಾಣತೊಡಗುತ್ತವೆ. ಗಾಳಿ ತುಸು ತಣ್ಣಗಾಗುತ್ತದೆ. ಆಲೂರು ತಾಲ್ಲೂಕು ಇಂಥದೊಂದು ಸಂಧಿಪ್ರದೇಶ. ಅದರ ಹೋಬಳಿಗಳಲ್ಲೊಂದು ಕುಂದೂರು. ಸಕಲೇಶಪುರಕ್ಕಿರುವ ಪ್ರಸಿದ್ಧಿ ಇದಕ್ಕಿಲ್ಲ. ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯನ್ನು ನೋಡಹೋಗುವ ಪ್ರವಾಸಿಗರು ಹೆದ್ದಾರಿಯನ್ನು ಬಿಟ್ಟು ಇತ್ತ ತಿರುಗುವುದಿಲ್ಲ. ತಿರುಗಿದ್ದರೂ ಅವರಿಗೆ ತೋರಿಸಲು ಹಸುರಿನ ಹೊರತು ಹೆಚ್ಚೇನೂ ಇಲ್ಲವೆಂದು ಊರವರೇ ನಗುತ್ತಾರೆ.

ಆದರೆ ಹೊಸಬನ ಕಣ್ಣಿಗೆ ಬೀಳದೆ ಇರದ ವಸ್ತುವೊಂದು ಇಲ್ಲಿಯ ಮನೆಗಳಲ್ಲುಂಟು. ತೋಟದವರ ಅಂಗಳದಲ್ಲಿ ತುಳಸಿಕಟ್ಟೆಯಷ್ಟೇ ಸಹಜವಾಗಿ ಒಂದು ಮಳೆಮಾಪಕವೂ ನಿಂತಿರುತ್ತದೆ. ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆಯುವುದು ಬಿಳಿಯ ದೊರೆಗಳ ತೋಟಗಳಿಂದ ಬಂದ ರೂಢಿ. 100 ಸೆಂಟಿಗೆ ಒಂದು ಇಂಚು. ಇಬ್ಬರು ತೋಟಗಾರರು ಸಂತೆಯಲ್ಲಿ ಎದುರಾದರೆ ಯೋಗಕ್ಷೇಮಕ್ಕಿಂತ ಮೊದಲು ಕೇಳುವುದು, “ನಿಮ್ಮಲ್ಲಿ ಎಷ್ಟು ಸೆಂಟು?” ಎಂದು.

ಸಂಗೀತಸಭೆ, ಸಭಾಮಂದಿರಗಳು ಪಟ್ಟಣದ ಸೊತ್ತು. ಇಂಥ ಊರಿನಲ್ಲಿ ಕಛೇರಿಯ ಹುಚ್ಚು ಹಿಡಿದವನೊಬ್ಬ ಹುಟ್ಟಿದರೆ ಅವನ ಪಾಡೇನು? ಈ ಪ್ರಶ್ನೆಗೆ ಉತ್ತರವಾಗಿ ಕುಂದೂರಿನ ಕಡೆ ಹಿರಿಯರೊಬ್ಬರಿದ್ದಾರೆ. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. 80 ದಾಟಿದ ವಯಸ್ಸು. ಮೂರು ಎಕರೆ ಕಾಫಿ, ಒಂದಿಷ್ಟು ಗದ್ದೆ. ಊರಿಗೆಲ್ಲ ಅವರು ‘ಮೇಷ್ಟರು’. ಅವರ ಹೆಸರಿನ ಅಗತ್ಯ ಇಲ್ಲಿಲ್ಲ. ಅವರ ಬಳಿ ಉದ್ದನೆಯ ಲೆಕ್ಕದ ಪುಸ್ತಕಗಳ ಒಂದು ಕಟ್ಟು ಇದೆ. ಪ್ರತಿ ಪುಸ್ತಕದಲ್ಲೂ ಎಡಗಡೆಯ ಪುಟ ಮಳೆಗೆ, ಬಲಗಡೆಯದು ಕಛೇರಿಗೆ. ಎಡಗಡೆ ದಿನಾಂಕ ಮತ್ತು ಸೆಂಟುಗಳು. ಬಲಗಡೆ ವಿದ್ವಾಂಸರ ಹೆಸರು, ಪಕ್ಕವಾದ್ಯದವರ ಹೆಸರು, ಹಾಡಿದ ರಾಗಗಳು, ಬಸ್ಸಿನ ಚಾರ್ಜು. ಬಲಗಡೆಯ ಪುಟಗಳು ಬಹಳ ಕಡೆ ಖಾಲಿ.

ಖಾಲಿ ಉಳಿದದ್ದಕ್ಕೆ ಕಾರಣವನ್ನು ಎಡಗಡೆಯ ಪುಟವೇ ಹೇಳುತ್ತದೆ. ಕಾಫಿಯ ಪಂಚಾಂಗಕ್ಕೂ ಕಛೇರಿಯ ಪಂಚಾಂಗಕ್ಕೂ ಯಾವ ಜನ್ಮದ ಹಗೆಯೋ ತಿಳಿಯದು. ಮದರಾಸಿನ ಡಿಸೆಂಬರ್ ಉತ್ಸವದ ಕೀರ್ತಿ ಜಗತ್ತಿಗೆಲ್ಲ ಹಬ್ಬಿದೆ. ಆದರೆ ಡಿಸೆಂಬರ್ ಎಂದರೆ ಅರೇಬಿಕಾ ಹಣ್ಣು ಕೀಳುವ ಕಾಲ. ಹಣ್ಣು ಗಿಡದಲ್ಲಿ ಕಾಯುವುದಿಲ್ಲ, ಆಳು ಸಿಕ್ಕಿದ ದಿನವೇ ಕೀಳಬೇಕು. ಪುಷ್ಯ ಬಹುಳ ಪಂಚಮಿಯಂದು ತಿರುವೈಯಾರಿನಲ್ಲಿ ತ್ಯಾಗರಾಜರ ಆರಾಧನೆ. ಆಗ ಇಲ್ಲಿ ಕಣದ ತುಂಬ ಕಾಫಿ ಹರಡಿರುತ್ತದೆ, ರೊಬಸ್ಟಾ ಕೊಯ್ಲು ಎದುರಿಗೆ ಬಂದು ನಿಂತಿರುತ್ತದೆ. ಹೀಗಾಗಿ ಮದರಾಸಿನ ಉತ್ಸವವನ್ನಾಗಲಿ ತಿರುವೈಯಾರನ್ನಾಗಲಿ ಮೇಷ್ಟರು ಈ ದಿನದವರೆಗೆ ಕಂಡಿಲ್ಲ. ರಾಮನವಮಿಯ ಮಾತು ಬೇರೆ. ಅದು ಮುಂದೆ ಬರುತ್ತದೆ. ಆಷಾಢದ ಜಡಿಮಳೆ ಹಿಂದಾಗಿ ಗದ್ದೆಯ ನಾಟಿ ಮುಗಿದ ಮೇಲೆ ಬರುವ ಭಾದ್ರಪದ, ಆಶ್ವಯುಜಗಳು ಮಾತ್ರ ಬೇಸಾಯಗಾರನಿಗೆ ತುಸು ಉಸಿರಾಡಲು ಬಿಡುತ್ತವೆ. ದೇವರ ದಯೆಯೆಂದರೆ ಮೈಸೂರಿನ ಗಣಪತಿಯೂ ದಸರಾವೂ ಆ ಎರಡು ತಿಂಗಳುಗಳಲ್ಲೇ ಬರುತ್ತವೆ.

ಮೇಷ್ಟರ ಕಿವಿ ತಯಾರಾದದ್ದು ಕಛೇರಿಯಿಂದಲ್ಲ. ಅವರ ಬಾಲ್ಯದಲ್ಲಿ ದೀಪಾವಳಿ ಕಳೆದ ಮೇಲೆ ಯಕ್ಷಗಾನದ ಮೇಳಗಳು ಘಟ್ಟ ಹತ್ತಿ ಬರುತ್ತಿದ್ದುವು; ತೋಟದ ಕೂಲಿಗಾಗಿ ಕೆಳಗಿನಿಂದ ಬಂದ ಜನ ಅವುಗಳ ಹಿಂದೆಯೇ ಇರುತ್ತಿದ್ದರು. ಹಬ್ಬಹರಿದಿನಗಳಲ್ಲಿ ಹರಿಕಥೆ, ಧನುರ್ಮಾಸದ ಚಳಿಯಲ್ಲಿ ಭಜನೆ. ನೆರೆಯ ತೋಟದ ರೈಟರ ಮನೆಯಲ್ಲಿ ಬ್ಯಾಟರಿಯ ರೇಡಿಯೋ ಇತ್ತು. ಆಕಾಶವಾಣಿ 1952ರಲ್ಲಿ ಆರಂಭಿಸಿದ ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನು ಕೇಳಲು ಹುಡುಗ ಲಾಟೀನು ಹಿಡಿದು ಅಲ್ಲಿಗೆ ಹೋಗುತ್ತಿದ್ದ. ಮಳೆಗಾಲದಲ್ಲಿ ಮಂಗಳೂರು ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಹಾಡು ಮುಳುಗಿಹೋಗುತ್ತಿತ್ತು. ರೈಟರು ರೇಡಿಯೋದ ಕಿವಿ ಹಿಂಡಿ ಬೈಯುತ್ತಿದ್ದರು. ಸಂಗೀತವೆಂದರೆ ಎಲ್ಲಿಂದಲೋ ಬರುವುದು, ಬಂದದ್ದೂ ಅರ್ಧ ಕೇಳುವುದು ಎಂಬುದೇ ಆ ಹುಡುಗನ ಕಲ್ಪನೆಯಾಗಿತ್ತು.

ಮೈಸೂರಿನ ಒಂಟಿಕೊಪ್ಪಲು ಬಳಿ, ವಾಣಿವಿಲಾಸ ಮೊಹಲ್ಲಾದ ಎಂಟನೆಯ ಅಡ್ಡರಸ್ತೆಯ ಗಣಪತಿ ಉತ್ಸವದಲ್ಲಿ ಸಂಗೀತ ಕಛೇರಿಗಳು 1962ರಲ್ಲಿ ಮೊದಲಾದುವು. ಅದರ ಮರುವರ್ಷ ಉಪಾಧ್ಯಾಯರ ತರಬೇತಿಗೆಂದು ಮೇಷ್ಟರು ಮೈಸೂರಿಗೆ ಹೋದರು. ಆ ಕಛೇರಿಗಳ ಸೊಗಸು ಕಂಡವರೇ ಬಲ್ಲರು. ರಸ್ತೆಗೆ ಅಡ್ಡಲಾಗಿ ಚಪ್ಪರ, ನೆಲವೇ ಪೀಠ, ಟಿಕೆಟ್ಟಿಲ್ಲ, ಗೇಟಿಲ್ಲ. ಮುಂದಿನ ಸಾಲಿನಲ್ಲಿ ತಾಳ ಹಾಕುವ ಪಂಡಿತರು, ಹಿಂದೆ ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡ ತಾಯಂದಿರು, ಅವರ ಹಿಂದೆ ಸೈಕಲ್ಲಿಗೆ ಒರಗಿ ನಿಂತ ವಿದ್ಯಾರ್ಥಿಗಳು. ಮಲೆನಾಡಿನ ಹುಡುಗ ಒಂದು ಗೋಣಿತಾಟು ಹಾಸಿಕೊಂಡು ಕುಳಿತ. ವಿದ್ವಾಂಸರು ಕಾಂಬೋಧಿಯನ್ನು ಎತ್ತಿಕೊಂಡರು. ರಾಗದ ಹೆಸರು ಅವನಿಗೆ ತಿಳಿಯದು; ಆದರೆ ಊರಿನ ಹರಿಕಥೆಯ ದಾಸರು ಇದೇ ಧಾಟಿಯಲ್ಲಿ ಪದ ಹಾಡುತ್ತಿದ್ದರೆಂಬುದು ನೆನಪಾಗಿ ಮೈ ಜುಮ್ಮೆಂದಿತಂತೆ. ದಾಸರು ಒಂದು ನಿಮಿಷದಲ್ಲಿ ದಾಟಿಹೋಗುತ್ತಿದ್ದ ದಾರಿಯಲ್ಲಿ ಇವರು ಅರ್ಧ ಗಂಟೆ ಅಡ್ಡಾಡಿದರು, ಅವಸರವೇ ಇರಲಿಲ್ಲ. ಮಳೆಯ ಸದ್ದಿಲ್ಲದೆ ಒಂದು ರಾಗವನ್ನು ಆದಿಯಿಂದ ಅಂತ್ಯದವರೆಗೆ ಅವನು ಕೇಳಿದ್ದು ಅದೇ ಮೊದಲು.

ಆ ಎರಡು ವರ್ಷಗಳಲ್ಲಿ ಅವರು ಮೈಸೂರನ್ನು ಕಿವಿಯಿಂದಲೇ ಸುತ್ತಿದರೆನ್ನಬೇಕು. ಬಿಡಾರಂ ಕೃಷ್ಣಪ್ಪನವರು ತಾವೇ ಮುಂದಾಗಿ ಕಟ್ಟಿಸಿದ ಪ್ರಸನ್ನ ಸೀತಾರಾಮ ಮಂದಿರದಲ್ಲಿ ನಿಂತು, ಈ ಗೋಡೆಗಳು ಎಷ್ಟು ಕೇಳಿವೆಯೋ ಎಂದು ನೆನೆಯುತ್ತಿದ್ದರು. ಕೃಷ್ಣಪ್ಪನವರು 1931ರಲ್ಲೇ ತೀರಿಕೊಂಡಿದ್ದರು. ಅವರ ಶಿಷ್ಯ ಟಿ. ಚೌಡಯ್ಯನವರು ಇನ್ನೂ ನುಡಿಸುತ್ತಿದ್ದರು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಪಿಟೀಲಿನ ನಾದ ಹಿಂದಿನ ಸಾಲಿಗೂ ಮುಟ್ಟಬೇಕೆಂದು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರನ್ನು ಕೂಡಿಸಿದವರು ಅವರು. ಸದಾ ಹಿಂದಿನ ಸಾಲಿನಲ್ಲೇ ಕುಳಿತ ಮೇಷ್ಟರಿಗೆ ಈ ಸಂಗತಿಯ ಮೇಲೆ ವಿಶೇಷ ಪ್ರೀತಿ. “ನಮ್ಮಂಥವರನ್ನು ನೆನೆಸಿಕೊಂಡು ವಾದ್ಯ ಮಾಡಿಸಿದವರು ಅವರೊಬ್ಬರೇ” ಎನ್ನುತ್ತಾರೆ. ಚೌಡಯ್ಯನವರು 1967ರ ಜನವರಿಯಲ್ಲಿ ಕಾಲವಾದರು. ಬೆಂಗಳೂರಿನಲ್ಲಿ ಅವರ ಸ್ಮಾರಕವಾಗಿ ಪಿಟೀಲಿನ ಆಕಾರದ ಭವನವೇ ಎದ್ದಿದೆ. ಅವರ ನುಡಿಸಾಣಿಕೆಯನ್ನು ಒಮ್ಮೆ ಎದುರಿಗೆ ಕುಳಿತು ಕೇಳಿದ ಭಾಗ್ಯ ಮೇಷ್ಟರದು. ಆ ಪುಟದ ಮೂಲೆ ಮುಟ್ಟಿ ಮುಟ್ಟಿ ಕಪ್ಪಾಗಿದೆ.

ಊರಿಗೆ ಮರಳಿ ಕೆಲಸಕ್ಕೆ ಸೇರಿದ ಮೇಲೆ ಕಷ್ಟ ಮೊದಲಾಯಿತು. ಹಾಸನದಲ್ಲಿ ಸಂಜೆಯ ಕಛೇರಿಯಿದ್ದರೆ ಹೋಗಬಹುದು, ಬರುವುದು ಹೇಗೆ? ಕಡೆಯ ಬಸ್ಸು ವಿದ್ವಾಂಸರ ಅನುಕೂಲವನ್ನು ನೋಡಿ ಹೊರಡುವುದಿಲ್ಲವಷ್ಟೆ. ಆರು ಗಂಟೆಯ ಕಛೇರಿ ಆರೂವರೆಗೆ ಆರಂಭವಾಗಿ, ವರ್ಣ, ಒಂದೆರಡು ಕೃತಿಗಳು ಮುಗಿದು, ಮುಖ್ಯ ರಾಗಕ್ಕೆ ಬರುವ ಹೊತ್ತಿಗೆ ಮೇಷ್ಟರ ಕಣ್ಣು ಗಡಿಯಾರದ ಮೇಲೆ. ತನಿ ಆವರ್ತನೆ ಮೊದಲಾದೊಡನೆ ಏಳುವ ಶ್ರೋತೃಗಳನ್ನು ಕಂಡರೆ ಮೃದಂಗದವರಿಗೆ ಮುನಿಸು ಬರುವುದು ನ್ಯಾಯವೇ. ಅವರೆಲ್ಲ ಕ್ಯಾಂಟೀನಿನ ಕಾಫಿಗೆ ಏಳುವವರು. ಕಾಫಿ ಬೆಳೆಯುವ ಈ ಮನುಷ್ಯ ಮಾತ್ರ ಬಸ್ಸಿಗೆ ಏಳುತ್ತಿದ್ದ ಎಂಬುದು ಪಾಪ, ವೇದಿಕೆಯ ಮೇಲಿನವರಿಗೆ ಹೇಗೆ ತಿಳಿಯಬೇಕು? ಕಛೇರಿಯ ಕಡೆಯಲ್ಲಿ ಬರುವ ದೇವರನಾಮಗಳು, ಜಾವಳಿ, ತಿಲ್ಲಾನ, ಮಂಗಳ ಇವೆಲ್ಲ ವರ್ಷಗಟ್ಟಲೆ ಅವರ ಪುಸ್ತಕಕ್ಕೆ ಬರಲೇ ಇಲ್ಲ. ಕಾಪಿ ರಾಗ ಸಾಮಾನ್ಯವಾಗಿ ಕಛೇರಿಯ ಉತ್ತರಾರ್ಧಕ್ಕೆ ಮೀಸಲು. ಕಾಫಿಯ ನಾಡಿನವರಿಗೆ ಕಾಪಿ ಸಿಕ್ಕದೆ ಹೋದದ್ದು ವಿಧಿಯ ವಿನೋದ.

ಇನ್ನು ರಾಮನವಮಿ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರು 1939ರಲ್ಲಿ ಆರಂಭಿಸಿದ ಶ್ರೀ ರಾಮಸೇವಾ ಮಂಡಳಿಯ ಕಛೇರಿಗಳ ವಿಷಯವನ್ನು ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಕೋಟೆ ಪ್ರೌಢಶಾಲೆಯ ಮೈದಾನದ ಆ ದೊಡ್ಡ ಚಪ್ಪರದಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿ, ಶೆಮ್ಮಂಗುಡಿ ಶ್ರೀನಿವಾಸ ಅಯ್ಯರ್, ಬಾಲಮುರಳಿಕೃಷ್ಣ ಮೊದಲಾದವರು ಹಾಡಿದ್ದನ್ನು ಮುದುಕರು ಇಂದಿಗೂ ವರ್ಣಿಸುತ್ತಾರೆ. ದುಡ್ಡಿದ್ದವರಿಗೆ ಒಳಗೆ ಕುರ್ಚಿ. ಇಲ್ಲದವರಿಗೆ ಬೇಲಿಯ ಹೊರಗೆ ರಸ್ತೆಯ ಅಂಚು. ನಾದ ಇಬ್ಬರಿಗೂ ಒಂದೇ. ಕೋಸಂಬರಿ, ಪಾನಕದ ವಾಸನೆಯೂ ಅಷ್ಟೆ.

ಆದರೆ ರಾಮನವಮಿ ಬರುವುದು ಮಾರ್ಚ್ ಕೊನೆ, ಏಪ್ರಿಲುಗಳಲ್ಲಿ. ಕಾಫಿ ಬೆಳೆಗಾರನ ಇಡೀ ವರ್ಷದ ಹಣೆಬರಹವನ್ನು ಬರೆಯುವ ಹೂಮಳೆಯ ಕಾಲವೂ ಅದೇ. ಬೇಸಗೆಯಲ್ಲಿ ಗಿಡದ ಗಿಣ್ಣುಗಳಲ್ಲಿ ಮೊಗ್ಗು ಬಲಿತು ನಿದ್ದೆ ಹೋಗಿರುತ್ತದೆ. ಒಂದು ಇಂಚಿನಷ್ಟು ಮಳೆ ಒಮ್ಮೆಗೇ ಬಿದ್ದರೆ ಅದು ಎಚ್ಚರಗೊಂಡು ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಮಲ್ಲಿಗೆಯನ್ನು ಹೋಲುವ ಕಂಪು ರಸ್ತೆಯವರೆಗೆ ಬರುತ್ತದೆ. ಮಳೆ ಬಾರದೆ ಹೋದರೆ ಕೆಲ ದಿನ ಕಾಯಬಹುದು. ಆದರೆ ಅರೆಬರೆ ಮಳೆ ಬರುವುದಿದೆಯಲ್ಲ, ಅದರಷ್ಟು ಕೇಡು ಬೇರಿಲ್ಲ. ಮೊಗ್ಗು ಎಚ್ಚರಗೊಂಡಿರುತ್ತದೆ, ಅರಳುವಷ್ಟು ನೀರಿರುವುದಿಲ್ಲ. ಕೂಡಲೆ ಪಂಪು ಹೂಡಿ, ಪೈಪು ಎಳೆದು, ಗಿಡದ ತಲೆಯ ಮೇಲೆ ತುಂತುರು ನೀರು ಹಾರಿಸಿ ಕೊರತೆಯನ್ನು ತುಂಬಬೇಕು. ತಡವಾದರೆ ಮೊಗ್ಗು ನಸುಗೆಂಪಾಗಿ ಅಲ್ಲಿಯೇ ಸೀದುಹೋಗುತ್ತದೆ. ಆ ವರ್ಷಕ್ಕೆ ಮುಗಿಯಿತು.

1980ರ ದಶಕದ ಒಂದು ರಾಮನವಮಿಗೆ ಮೇಷ್ಟರು ಬೆಂಗಳೂರಿಗೆ ಹೊರಟರು. ಬಹಳ ವರ್ಷಗಳಿಂದ ಕೇಳಬೇಕೆಂದಿದ್ದ ವಿದ್ವಾಂಸರ ಕಛೇರಿ. ಆಕಾಶದಲ್ಲಿ ಮೋಡದ ಸುಳಿವಿರಲಿಲ್ಲ. ಸ್ವಂತ ಪಂಪು ಅವರಿಗಿರಲಿಲ್ಲ. ನೆರೆಯ ದೊಡ್ಡ ತೋಟದವರು ತಮ್ಮ ಕೆಲಸ ಮುಗಿದ ಮೇಲೆ ಸಣ್ಣ ಹಿಡುವಳಿಯವರಿಗೆ ಸರದಿಯಂತೆ ಕೊಡುವ ಏರ್ಪಾಡಿತ್ತು. “ನಾಲ್ಕು ದಿನದಲ್ಲಿ ಬಂದುಬಿಡುತ್ತೇನೆ” ಎಂದರು. “ಹೋಗಿ ಬನ್ನಿ, ಮಳೆ ಬಂದರೆ ನೋಡಿಕೊಳ್ಳೋಣ” ಎಂದರು ಮನೆಯಾಕೆ.

ಮರುದಿನದ ಕಛೇರಿಯಲ್ಲಿ ವಿದ್ವಾಂಸರು ತೋಡಿಯನ್ನು ವಿಸ್ತರಿಸಲು ತೊಡಗಿದರು. ಮುಕ್ಕಾಲು ಗಂಟೆಯ ಆಲಾಪನೆ. ಗಾಂಧಾರದ ಮೇಲೆ ಅವರು ನಿಂತ ಕ್ಷಣದಲ್ಲಿ ಚಪ್ಪರದ ಮೇಲೆ ಗಾಳಿ ಬೀಸಿ ಪಟಪಟನೆ ಹನಿಗಳುದುರಿದುವು. ಬೇಸಗೆಯಲ್ಲಿ ಬೆಂದಿದ್ದ ನಗರದ ಜನ “ಆಹಾ!” ಎಂದರು, ಅದು ರಾಗಕ್ಕೋ ಮಳೆಗೋ ತಿಳಿಯಲಿಲ್ಲ. ವಿದ್ವಾಂಸರು ಮುಗುಳ್ನಕ್ಕು ಮುಂದುವರಿಸಿದರು. ಸಾವಿರಾರು ಜನರ ಆ ಸಭೆಯಲ್ಲಿ ಒಬ್ಬರಿಗೆ ಮಾತ್ರ ತೋಡಿ ಅರ್ಧಕ್ಕೆ ಕಿವಿಯಿಂದ ಜಾರಿತು. ಕುಂದೂರಿನಲ್ಲಿ ಎಷ್ಟು ಸೆಂಟು? ಕೇಳಲು ಮನೆಯಲ್ಲಿ ಟೆಲಿಫೋನಿಲ್ಲ. ಹೊರಟುಬಿಡೋಣವೆಂದು ಒಮ್ಮೆ ಎದ್ದು ನಿಂತರು. ಹಿಂದಿನವರು “ಕೂತ್ಕೊಳ್ಳಿ ಸ್ವಾಮಿ” ಎಂದು ಗದರಿದರು. ಕುಳಿತರು. ಕುಳಿತ ಮೇಲೆ ತೋಡಿ ಮತ್ತೆ ಬಂದು ಅವರನ್ನು ಹಿಡಿದುಕೊಂಡಿತು. ಅದರ ಮಾರನೆಯ ದಿನವೂ ಅವರು ಹೊರಡಲಿಲ್ಲ.

ಹೇಳಿದಂತೆ ನಾಲ್ಕನೆಯ ದಿನ ಮನೆಗೆ ಬಂದಾಗ ಮನೆಯಾಕೆ ಏನೂ ಹೇಳಲಿಲ್ಲ. ಲೆಕ್ಕದ ಪುಸ್ತಕದ ಎಡಗಡೆಯ ಪುಟದಲ್ಲಿ, ತೋಡಿಯ ದಿನಾಂಕದ ಎದುರಿಗೆ, ಆಕೆಯ ಕೈಬರಹದಲ್ಲಿ ‘30 ಸೆಂಟು’ ಎಂದಿತ್ತು. ಪಂಪಿಗೆ ಆಕೆ ಹೇಳಿಕಳುಹಿಸಿದ್ದರು. ಆದರೆ ಎಲ್ಲರಿಗೂ ಒಮ್ಮೆಗೇ ಬೇಕಾದಾಗ ಎದುರಿಗೆ ನಿಂತು ಕೇಳುವವನಿಗೆ ಸರದಿ. ಪೈಪು ಹೊರಲು ಮನೆಯ ಗಂಡಸಿಲ್ಲದ ತೋಟ ಹಿಂದೆ ಉಳಿಯಿತು. ಅದು ಯಾರ ತಪ್ಪೂ ಅಲ್ಲ. ಮೇಷ್ಟರು ತೋಟಕ್ಕೆ ಇಳಿದು ನೋಡಿದರೆ ಮೊಗ್ಗುಗಳಿಗೆ ಬಣ್ಣ ತಿರುಗಿತ್ತು. ಆ ವರ್ಷ ಬೆಳೆ ಅರ್ಧಕ್ಕಿಂತ ಕಡಿಮೆ. ಹಾಸನದಲ್ಲಿ ಹಾಸ್ಟೆಲಿನಲ್ಲಿಟ್ಟು ಓದಿಸಬೇಕೆಂದಿದ್ದ ಮಗಳು ಒಂದು ವರ್ಷ ಮನೆಯಲ್ಲಿಯೇ ಉಳಿಯಬೇಕಾಯಿತು. ಅದರ ಮುಂದಿನ ಏಳು ವರ್ಷ ಬಲಗಡೆಯ ಪುಟಗಳಲ್ಲಿ ರಾಮನವಮಿಯ ಹೆಸರಿಲ್ಲ.

ಕಛೇರಿಯ ರಸಿಕರೆಂದರೆ ಜರಿಯ ಶಲ್ಯ ಹೊದ್ದು ಮುಂದಿನ ಸಾಲಿನಲ್ಲಿ ತಲೆದೂಗುವವರು ಎಂಬ ಭಾವನೆ ಪಟ್ಟಣಗಳಲ್ಲಿದೆ. ಅವರೂ ರಸಿಕರೇ, ಸಂದೇಹವಿಲ್ಲ. ಆದರೆ ಸಭೆಗಳ ಕಾರ್ಯದರ್ಶಿಗಳು ತಮ್ಮ ಸ್ಮರಣ ಸಂಚಿಕೆಗಳಲ್ಲಿ ವಿದ್ವಾಂಸರ, ದಾನಿಗಳ ಭಾವಚಿತ್ರಗಳನ್ನು ಅಚ್ಚುಹಾಕುವಾಗ, ರಸ್ತೆಯ ಅಂಚಿನಲ್ಲಿ ನಿಂತು ಕೇಳಿ ರಾತ್ರಿಯ ಬಸ್ಸು ಹತ್ತಿದವರನ್ನೂ ಒಂದು ಸಾಲಿನಲ್ಲಿ ನೆನೆದರೆ ತಪ್ಪಾಗಲಾರದು.

ಹಾಸನ ಜಿಲ್ಲೆಗೂ ಸಂಗೀತಕ್ಕೂ ನಂಟಿಲ್ಲವೆಂದು ಯಾರೂ ತಿಳಿಯಬಾರದು. ಇದೇ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಂಡೆಯ ಮೇಲೆ ರುದ್ರಪಟ್ಟಣವಿದೆ. ಆರ್. ಕೆ. ಶ್ರೀಕಂಠನ್, ಪಿಟೀಲಿನ ಆರ್. ಆರ್. ಕೇಶವಮೂರ್ತಿ, ಆರ್. ಕೆ. ಪದ್ಮನಾಭ ಮೊದಲಾಗಿ ಅಷ್ಟು ಚಿಕ್ಕ ಊರು ನಾಡಿಗೆ ಕೊಟ್ಟ ವಿದ್ವಾಂಸರ ಪಟ್ಟಿ ದೊಡ್ಡದು. ತಂಬೂರಿಯ ಆಕಾರದಲ್ಲಿ ಕಟ್ಟಿದ ಸಪ್ತಸ್ವರ ದೇವತೆಗಳ ಮಂದಿರವೂ ಅಲ್ಲಿದೆ, ಸಂಗೀತೋತ್ಸವವೂ ನಡೆಯುತ್ತದೆ. ಹಾಡುವವರನ್ನು ಕೊಟ್ಟ ಊರಿಗೆ ಕೀರ್ತಿ ಬಂತು. ಕೇಳುವವರನ್ನು ಕೊಟ್ಟ ಊರನ್ನು ಕೇಳುವವರಿಲ್ಲ. ಮೇಷ್ಟರು ರುದ್ರಪಟ್ಟಣಕ್ಕೆ ಹೋದದ್ದು ನಿವೃತ್ತಿಯಾದ ಮೇಲೆ. ಹೊಳೆಯ ಮೆಟ್ಟಿಲಿನ ಮೇಲೆ ಕುಳಿತು, ಇಲ್ಲಿ ಹುಟ್ಟಿದ್ದರೆ ಬಸ್ಸಿನ ಚಿಂತೆಯಿರುತ್ತಿರಲಿಲ್ಲ ಎಂದುಕೊಂಡರಂತೆ. 2014ರಲ್ಲಿ ಶ್ರೀಕಂಠನ್ ಅವರು ತೊಂಬತ್ತು ದಾಟಿದ ವಯಸ್ಸಿನಲ್ಲಿ ಕಾಲವಾದರೆಂಬ ಸುದ್ದಿ ಬಂದ ದಿನ, ಬಲಗಡೆಯ ಪುಟದಲ್ಲಿ ಯಾವ ಕಛೇರಿಯೂ ಇಲ್ಲದೆ ಬರಿಯ ಅವರ ಹೆಸರನ್ನು ಬರೆದಿಟ್ಟರು.

ಈಗ ದಾರಿ ಸುಗಮವಾಗಿದೆಯೆ ಎಂದರೆ, ಆಗಿದೆ, ಆಗಿಲ್ಲ. 1979ರಲ್ಲಿ ಪೂರ್ಣವಾದ ಹಾಸನ–ಮಂಗಳೂರು ರೈಲುಮಾರ್ಗ ಆಲೂರನ್ನು ಹಾದುಹೋಗುತ್ತದೆ; ಬಸ್ಸುಗಳು ಹೆಚ್ಚಿವೆ; ಮನೆಮನೆಗೆ ಮೋಟಾರು ಬೈಸಿಕಲ್ಲು ಬಂದಿದೆ. ಆದರೆ ಬಸ್ಸಿಳಿದು ತೋಟದ ದಾರಿ ಹಿಡಿಯುವ ಆ ಒಂದು ಮೈಲಿಯನ್ನು ಆನೆಗಳು ಕಿತ್ತುಕೊಂಡಿವೆ. ಆಲೂರು, ಸಕಲೇಶಪುರಗಳ ತೋಟಗಳಲ್ಲಿ ಕಾಡಾನೆಗಳು ವರ್ಷವಿಡೀ ಬೀಡುಬಿಟ್ಟಿರುತ್ತವೆ. ಬೆಳಗಿನ ಜಾವ, ಮುಸ್ಸಂಜೆಗಳಲ್ಲಿ ಎದುರಾಗಿ ಪ್ರಾಣ ಕಳೆದುಕೊಂಡವರು ಅನೇಕರು. ಉಚ್ಚ ನ್ಯಾಯಾಲಯ ನೇಮಿಸಿದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟು, ಇಲ್ಲಿಯ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಸಲಹೆ ಮಾಡಿತು. ಅದರಂತೆ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದದ್ದೂ ಆಯಿತು. ಅವು ಬಿಟ್ಟುಹೋದ ಜಾಗಕ್ಕೆ ಬೇರೆಯವು ಬಂದುವು. ಇಂದು ಆನೆ ಯಾವ ತೋಟದಲ್ಲಿದೆಯೆಂಬ ಎಚ್ಚರಿಕೆ ಮೊಬೈಲಿಗೆ ಬರುತ್ತದೆ. ಕಛೇರಿಗೆ ಹೊರಡುವ ಮುನ್ನ ಮೇಷ್ಟರು ನೋಡುವುದು ಎರಡನ್ನು: ಆಹ್ವಾನಪತ್ರಿಕೆ ಮತ್ತು ಆ ಸಂದೇಶ.

ರಾತ್ರಿ ಮರಳುವುದನ್ನು ಅವರು ಬಿಟ್ಟಿದ್ದಾರೆ. ಹಾಸನದಲ್ಲಿ ಮಗಳ ಮನೆಯಿದೆ. ಅಂದು ಒಂದು ವರ್ಷ ತಡವಾಗಿ ಕಾಲೇಜು ಸೇರಿದ ಮಗಳೇ. ಕಛೇರಿ ಮುಗಿದ ಮೇಲೆ ಅಲ್ಲಿಯೇ ಊಟ, ಅಲ್ಲಿಯೇ ನಿದ್ದೆ. ಬಸ್ಸಿನ ಅವಸರವಿಲ್ಲದ್ದರಿಂದ ಈಗ ಮಂಗಳದವರೆಗೆ ಕೂರುತ್ತಾರೆ. ಕಾಪಿಯೂ ಸಿಂಧುಭೈರವಿಯೂ ಮುಪ್ಪಿನಲ್ಲಿ ಕೈಗೆ ಸಿಕ್ಕಿವೆ.

ಕೆಲವು ವರ್ಷಗಳ ಹಿಂದೆ ಮನೆಯಾಕೆ ತೀರಿಕೊಂಡ ತರುವಾಯ ಮಗಳು ಹಳೆಯ ಪುಸ್ತಕಗಳನ್ನು ಒಪ್ಪವಾಗಿಡಲೆಂದು ಬಿಚ್ಚಿದಳು. ತಾಯಿಯ ಕೈಬರಹ ಕಂಡಲ್ಲೆಲ್ಲ ನಿಲ್ಲಿಸಿ ಓದಿದಳು. 30 ಸೆಂಟಿನ ಪುಟಕ್ಕೆ ಬಂದಾಗ ದಿನಾಂಕವನ್ನು ಎರಡು ಸಲ ನೋಡಿ, ಬಲಗಡೆಯ ಪುಟವನ್ನೂ ನೋಡಿದಳು. ಆ ವರ್ಷ ಮಳೆ ಕೈಕೊಟ್ಟಿತೆಂದಷ್ಟೇ ಅವಳಿಗೆ ಗೊತ್ತಿತ್ತು. ತಂದೆ ಜಗಲಿಯಲ್ಲಿ ಕುಳಿತಿದ್ದರು.

“ಅಪ್ಪ, ಆವತ್ತಿನ ತೋಡಿ ಚೆನ್ನಾಗಿತ್ತಾ?” ಎಂದು ಕೇಳಿದಳು.

ಮೇಷ್ಟರು ಬಹಳ ಹೊತ್ತು ಮಾತಾಡಲಿಲ್ಲ. “ಚೆನ್ನಾಗಿತ್ತು ಕಣಮ್ಮ” ಎಂದರು ಕೊನೆಗೆ. “ಅಂಥದ್ದನ್ನ ಮತ್ತೆ ಕೇಳಲಿಲ್ಲ.”

“ಹಾಗಾದರೆ ಸರಿ” ಎಂದು ಮಗಳು ಪುಸ್ತಕ ಮುಚ್ಚಿ ಕಟ್ಟಿಟ್ಟಳು.

ಪ್ರತಿ ವರ್ಷ ಯುಗಾದಿ ಹತ್ತಿರವಾದಂತೆ ಮೇಷ್ಟರ ಬಟ್ಟೆಯ ಚೀಲ ಬಾಗಿಲ ಹಿಂದಿನ ಗೂಟಕ್ಕೆ ಬರುತ್ತದೆ. ರಾಮನವಮಿಗೆ ಮುನ್ನ ತುಂಬು ಮಳೆ ಬಿದ್ದು ಹೂವಾದರೆ ಬೆಂಗಳೂರು, ಬೀಳದಿದ್ದರೆ ಇಲ್ಲ. ಈಗ ಮನೆಯಲ್ಲಿ ಸ್ವಂತ ಪಂಪಿದೆ, ಪೈಪು ಎಳೆಯಲು ಮೊಮ್ಮಗನಿದ್ದಾನೆ. “ನೀವು ಹೋಗಿ ತಾತ, ನಾನು ನೋಡ್ಕೋತೀನಿ” ಎಂದು ಅವನು ಹೇಳುತ್ತಲೇ ಇರುತ್ತಾನೆ. ಮೇಷ್ಟರು ತಲೆಯಾಡಿಸಿ, ಅಂಗಳಕ್ಕೆ ಹೋಗಿ ಮಳೆಮಾಪಕದ ಒಳಗೆ ಬಗ್ಗಿ ನೋಡುತ್ತಾರೆ.